ಸಾಂಬ್ರಾದಿಂದ ಹಾರುವಾಗ ಯಾವ ಕಡೆಯ ಕಿಟಕಿ?

ಸವದತ್ತಿ ಸೀಮೆಯ ನಮ್ಮ ಅವ್ವನಿಗೆ ಮಲಪ್ರಭೆಯನ್ನು ಮೇಲಿನಿಂದ ಒಮ್ಮೆ ನೋಡಬೇಕೆಂಬ ಆಸೆ. ಬೆಳಗಾವಿಯ ವಿಮಾನ ನಿಲ್ದಾಣವಾದ ಸಾಂಬ್ರಾದಿಂದ ಬೆಂಗಳೂರಿಗೆ ಮೊದಲ ಸಲ ವಿಮಾನದಲ್ಲಿ ಕರೆದೊಯ್ದಾಗ ಕಿಟಕಿಯ ಸೀಟನ್ನೇ ಕೊಡಿಸಿದ್ದೆ. ಕಂಡದ್ದು ರೆಕ್ಕೆ ಮಾತ್ರ; ಹೊಳೆ ಇನ್ನೊಂದು ಮಗ್ಗುಲಿಗೆ ಉಳಿಯಿತು. ಸೀಟು ಆರಿಸುವ ಲೆಕ್ಕವನ್ನು ನಾನು ಕಲಿತದ್ದು ಅದಾದ ಮೇಲೆ.

ಮೊದಲು ದಿಕ್ಕು ನೋಡಿ. ಮೊಬೈಲಿನಲ್ಲಿ ನಕಾಶೆ ತೆರೆದು, ಹೋಗುವ ಊರು ಮೇಲೆ, ಹೊರಡುವ ಊರು ಕೆಳಗೆ ಬರುವಂತೆ ತಿರುಗಿಸಿ. ನಡುವೆ ಒಂದು ಗೆರೆ ಎಳೆದುಕೊಂಡರೆ ಎಡಕ್ಕೆ ಬೀಳುವುದೆಲ್ಲ ಎಡಗಡೆಯ ಕಿಟಕಿಯ, ಅಂದರೆ ‘ಎ’ ಸೀಟಿನವರ ಪಾಲು. ಬೆಳಗಾವಿಯಿಂದ ಬೆಂಗಳೂರು ಆಗ್ನೇಯಕ್ಕಿದೆ. ಹೋಗುವಾಗ ಸಹ್ಯಾದ್ರಿಯ ಸಾಲು ಬಲಕ್ಕೆ, ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟಿನ ಹಿಂದೆ ನಿಂತ ರೇಣುಕಾಸಾಗರ ಎಡಕ್ಕೆ. ಬರುವಾಗ ಅದಲುಬದಲು. ಮುಂಬೈಗೆ ಹೋಗುವವರಿಗೆ ಘಟ್ಟವೂ ಅದರಾಚೆಯ ಕೊಂಕಣ ಕರಾವಳಿಯೂ ಎಡಗಡೆ. ಹಿಡಕಲ್ ಜಲಾಶಯ ಮಾತ್ರ ಬಲಗಡೆ. ವಿಮಾನ ಯಾವಾಗಲೂ ನೇರ ಗೆರೆಯಲ್ಲೇ ಹೋಗುವುದಿಲ್ಲ. ಅದೇ ವಿಮಾನ ಹಿಂದಿನ ದಿನಗಳಲ್ಲಿ ಹಾರಿದ ದಾರಿಯನ್ನು ಫ್ಲೈಟ್‌ರಾಡಾರ್24ರಂತಹ ತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಬಿಸಿಲು. ಮುಂಜಾನೆ ಬೆಂಗಳೂರಿನ ಕಡೆ ಹೊರಟರೆ ಸೂರ್ಯ ಎಡ ಮುಂಭಾಗದಲ್ಲಿರುತ್ತಾನೆ. ಎಡಗಡೆಯವರ ಕಣ್ಣು ಕುಕ್ಕುತ್ತದೆ, ಹೊಲಗಳ ಬಣ್ಣ ಮಸುಕಾಗುತ್ತದೆ. ಆದರೆ ಕೆರೆ, ಹೊಳೆಗಳು ಬೆಳ್ಳಿಯ ತಗಡಿನಂತೆ ಮಿಂಚುವುದು ಎದುರು ಬಿಸಿಲಿನಲ್ಲಿಯೇ. ಘಟ್ಟದ ಹಸಿರು ಬೇಕಾದವರಿಗೆ ಆ ಹೊತ್ತಿನಲ್ಲಿ ಬಲಗಡೆಯೇ ಸರಿ.

ಮೂರನೆಯದು ರೆಕ್ಕೆ. ಹೆಚ್ಚಿನವರು ಮರೆಯುವುದು ಇದನ್ನೇ, ಆದ್ದರಿಂದ ಟಿಕೆಟ್ ಕೊಳ್ಳುವಾಗಲೇ ವಿಮಾನದ ಮಾದರಿಯನ್ನು ಗಮನಿಸಿ. ಎರಡು ಪಂಖಗಳ ಎಟಿಆರ್ 72 ವಿಮಾನದಲ್ಲಿ ರೆಕ್ಕೆ ಕಿಟಕಿಗಳ ಮೇಲ್ಗಡೆ ಇರುವುದರಿಂದ ನೆಲಕ್ಕೆ ಮರೆಯಿಲ್ಲ. ಮಧ್ಯದ ಸಾಲುಗಳಿಗೆ ಎಂಜಿನ್ ಅಡ್ಡ ಬರುತ್ತದೆ. ಕೊನೆಯ ಸಾಲುಗಳೇ ಲೇಸು. ಹತ್ತುವ ಬಾಗಿಲೂ ಅಲ್ಲೇ ಇರುತ್ತದೆ. ನೋಟಕ್ಕೆ ಇದಕ್ಕಿಂತ ಒಳ್ಳೆಯ ವಿಮಾನ ನನಗೆ ಸಿಕ್ಕಿಲ್ಲ. ಏರ್‌ಬಸ್‌ನಂತಹ ಜೆಟ್‌ಗಳಲ್ಲಿ ರೆಕ್ಕೆ ಕೆಳಗಿರುತ್ತದೆ, ಎಂಜಿನ್ನಿನ ಬಿಸಿ ಗಾಳಿಯಿಂದ ಹಿಂದಿನ ನೋಟ ಕಲಕಿದ ನೀರಿನಂತೆ ನಡುಗುತ್ತದೆ. ಅಲ್ಲಿ ರೆಕ್ಕೆಗಿಂತ ಮುಂದೆ ಕೂರಬೇಕು. ಎಂಬ್ರೇಯರ್ 145 ಎಂಬ ಚಿಕ್ಕ ಜೆಟ್‌ನಲ್ಲಿ ಎಡಕ್ಕೆ ಒಂದೇ ಸೀಟು, ಬಲಕ್ಕೆ ಎರಡು. ಎಡಗಡೆ ಕುಳಿತವರು ಯಾರನ್ನೂ ಎಬ್ಬಿಸದೆ ಓಡಾಡಬಹುದು.

ಇಷ್ಟು ಮಾಡಿದರೂ ಕಾಲ ಒದಗಬೇಕು. ಮಳೆಗಾಲದಲ್ಲಿ ಘಟ್ಟದ ಮೇಲೆ ಮೋಡದ ಹೊದಿಕೆ, ಏಪ್ರಿಲ್ ಹೊತ್ತಿಗೆ ದೂಳಿನ ಮಬ್ಬು. ಮಳೆ ತೊಳೆದ ಗಾಳಿ ಇನ್ನೂ ತಿಳಿಯಾಗಿರುವ, ಜಲಾಶಯಗಳಲ್ಲಿ ನೀರು ನಿಂತಿರುವ ಅಕ್ಟೋಬರ್, ನವೆಂಬರ್ ನನ್ನ ಆಯ್ಕೆ. ಪಶ್ಚಿಮದ ಭತ್ತದ ಗದ್ದೆಗಳು ಮುಗಿದು ಎರೆಭೂಮಿ ಶುರುವಾಗುವುದು ಆಗ ಬರಿಗಣ್ಣಿಗೆ ತಿಳಿಯುತ್ತದೆ.

ಚಿತ್ರ ತೆಗೆಯುವವರು ಫ್ಲ್ಯಾಷ್ ಆರಿಸಿ, ಮೊಬೈಲನ್ನು ಗಾಜಿಗೆ ತಾಗಿಸದೆ ಹತ್ತಿರ ಹಿಡಿಯಿರಿ. ತಾಗಿದರೆ ವಿಮಾನದ ನಡುಕ ಚಿತ್ರಕ್ಕೂ ಬರುತ್ತದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ, ನೆಲದ ಮೇಲಿರುವಾಗ ಸಿಬ್ಬಂದಿಯ ಮಾತು ಕೇಳಿ.

ರೇಣುಕಾಸಾಗರಕ್ಕಾಗಿ ಕಾಯುವವರು ಹಾರಿದ ಹತ್ತು ನಿಮಿಷಕ್ಕೇ ಕಿಟಕಿಗೆ ಕಣ್ಣು ಕೊಡಬೇಕು. ಮುಂದಿನ ನವೆಂಬರಿನಲ್ಲಿ ಅವ್ವನನ್ನು ಎಡಗಡೆಯ ಕೊನೆಯ ಸಾಲಿನಲ್ಲಿ ಕೂರಿಸಿದೆ. ನೀರು ಕಂಡೊಡನೆ ಅವಳು ಎಲ್ಲಮ್ಮನ ಗುಡ್ಡ ಯಾವ ಕಡೆಗೆ ಎಂದು ಕೇಳಿದಳು. ನೀರಿನ ಬಲಕ್ಕೆ ನೋಡವ್ವ ಎಂದೆ.