ರಿಸ್ಕ್-ಫೈವ್ ಬೋರ್ಡಿನಲ್ಲಿ ಓಪನ್‌ಬಿಎಸ್‌ಡಿ: ಡಿಸ್ಕ್ ಕಾಣದಿದ್ದಾಗ

ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ 2021ರ 7.0 ಆವೃತ್ತಿಯಿಂದಲೇ ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್‌ಗಳ ಮೇಲೆ ಓಡುತ್ತಿದೆ. ನನ್ನ ಅಗ್ಗದ ಬೋರ್ಡಿನಲ್ಲೂ ಅದರ ತಿರುಳಾದ ಕರ್ನೆಲ್ ಏಳುತ್ತಿತ್ತು. ಆದರೆ ಇನ್‌ಸ್ಟಾಲರ್‌ಗೆ ಡಿಸ್ಕೂ ಕಾಣಲಿಲ್ಲ, ನೆಟ್‌ವರ್ಕೂ ಕಾಣಲಿಲ್ಲ. ಸೀರಿಯಲ್ ಕೇಬಲ್ ಜೋಡಿಸಿ, ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಬೂಟ್ ಸಂದೇಶಗಳನ್ನು ಸಾಲುಸಾಲಾಗಿ ಓದಿದೆ. ಹಲವು ಸಾಧನಗಳ ಮುಂದೆ ‘ನಾಟ್ ಕಾನ್ಫಿಗರ್ಡ್’ ಎಂದಿತ್ತು; ಅಂದರೆ ಅವನ್ನು ನಡೆಸುವ ಡ್ರೈವರ್ ತಂತ್ರಾಂಶ ಜೋಡಣೆಯಾಗಿರಲಿಲ್ಲ.

ಇಂಥ ಬೋರ್ಡುಗಳಲ್ಲಿ ಯಾವ ಸಾಧನ ಯಾವ ವಿಳಾಸದಲ್ಲಿದೆ ಎಂದು ಕರ್ನೆಲ್‌ಗೆ ತಿಳಿಸುವುದು ಡಿವೈಸ್ ಟ್ರೀ. ಕರ್ನೆಲ್‌ಗೂ ಮೊದಲು ಓಡುವ ಬೂಟ್ ತಂತ್ರಾಂಶವಾದ ಯು-ಬೂಟ್ ತನ್ನೊಳಗಿನ ಹಳೆಯ ಟ್ರೀಯನ್ನೇ ಕೊಡುತ್ತಿತ್ತು. ಅದರಲ್ಲಿನ ಹೆಸರುಗಳು ಡ್ರೈವರ್‌ಗಳು ಹುಡುಕುವ ಹೆಸರುಗಳಿಗೆ ತಾಳೆಯಾಗುತ್ತಿರಲಿಲ್ಲ. ಮೂಲಸಂಕೇತ ಮುಕ್ತವಾಗಿದ್ದರಿಂದಲೇ ಇದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಲು ಸಾಧ್ಯವಾಯಿತು. ಇಂಥ ಯಂತ್ರಗಳಿಗೆ ಅದೇ ದೊಡ್ಡ ಆಸರೆ.

ಹೊಸ ಡಿವೈಸ್ ಟ್ರೀ ಇರುವ ಡಿಟಿಬಿ ಕಡತವನ್ನು ಬೂಟ್ ವಿಭಾಗದ ‘ಡಿಟಿಬಿ’ ಫೋಲ್ಡರಿಗೆ ನಕಲಿಸಿ, ಯು-ಬೂಟ್‌ನ ‘ಎಫ್‌ಡಿಟಿಫೈಲ್’ ವೇರಿಯಬಲ್‌ಗೆ ಅದರ ಹೆಸರು ಕೊಟ್ಟು, ‘ಸೇವ್‌ಎನ್ವ್’ ಆಜ್ಞೆಯಿಂದ ಉಳಿಸಿದೆ. ಮತ್ತೆ ಬೂಟ್ ಮಾಡಿದಾಗ ಡಿಸ್ಕನ್ನು ಸೂಚಿಸುವ ‘ಎಸ್‌ಡಿ0’ ಸಾಲು ಕಂಡು ಆದ ಸಂತೋಷ ಅಷ್ಟಿಷ್ಟಲ್ಲ! ಯು-ಬೂಟ್ ನವೀಕರಿಸಿದಾಗಲೆಲ್ಲ ಈ ವೇರಿಯಬಲ್ ಉಳಿದಿದೆಯೇ ಎಂದು ಪರಿಶೀಲಿಸಿ.