ಬಾಡಿಗೆ ಮನೆ ಖಾಲಿ ಮಾಡಿಸಲು ನಾನು ನೋಟಿಸ್ ಕೊಟ್ಟ ರೀತಿ

ಬೆಂಗಳೂರಿನ ನಮ್ಮ ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಕೊಟ್ಟಿದ್ದೆವು. ಅತ್ತೆಗೆ ಮೆಟ್ಟಿಲು ಹತ್ತಲು ಆಗದೆ ಹೋದಾಗ ಅದು ನಮಗೇ ಬೇಕಾಯಿತು. ಬಾಯಿಮಾತಿನಲ್ಲಿ ಕೇಳಿದರೆ "ನೋಡೋಣ ಆಂಟಿ" ಅನ್ನುವುದು ಬಿಟ್ಟು ಬೇರೆ ಉತ್ತರ ಬರಲಿಲ್ಲ.

ಕರೆಂಟ್ ತೆಗೆಸಿ, ನೀರು ನಿಲ್ಲಿಸಿ ಎಂದು ಹೇಳಿಕೊಟ್ಟವರಿದ್ದರು. ಮಕ್ಕಳಿರುವ ಮನೆಗೆ ಹಾಗೆ ಮಾಡುವುದು ಅನ್ಯಾಯ. ಬಲವಂತವಾಗಿ ಹೊರಹಾಕಿದರೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹಾಕಿ ಮನೆಯನ್ನು ಮತ್ತೆ ವಶಕ್ಕೆ ಪಡೆಯಬಹುದು. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇರುವುದೇ ಅದಕ್ಕೆ. ಮನೆ ನಮ್ಮ ಹೆಸರಲ್ಲಿದೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಮೊದಲು ನೋಡಿದ್ದು ನಮಗೆ ಯಾವ ಕಾಯ್ದೆ ಅನ್ವಯಿಸುತ್ತದೆ ಅಂತ. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಲ್ಲಿ ತಿಂಗಳಿಗೆ 3500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಈಗ ಆ ಮಿತಿಯೊಳಗೆ ಬರುವ ಮನೆಗಳು ಎಷ್ಟಿವೆ ಹೇಳಿ? ಬಂದರೆ ದಾರಿಯೇ ಬೇರೆ. 27ನೇ ಕಲಮಿನಲ್ಲಿರುವ ಕಾರಣಗಳಲ್ಲಿ ಒಂದನ್ನು ಕೋರ್ಟಿನಲ್ಲಿ ತೋರಿಸಬೇಕು. ಬಾಡಿಗೆ ಬಾಕಿ ಎಂಬ ಕಾರಣವಾದರೆ, ಮೊದಲು ನೋಟಿಸ್ ಕೊಟ್ಟು ಬಾಕಿ ತೀರಿಸಲು ಎರಡು ತಿಂಗಳು ಬಿಡಬೇಕು.

ನಮ್ಮದು ಆ ಮಿತಿಗಿಂತ ಎಷ್ಟೋ ಜಾಸ್ತಿ. ಹಾಗಾಗಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ. ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು, ಕಾರಣವನ್ನೂ ಹೇಳಬೇಕಿಲ್ಲ. ಆದರೆ ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ನಡೆಯುತ್ತದೆ. ನಮ್ಮ ಕರಾರಿನಲ್ಲಿ ಒಂದು ತಿಂಗಳು ಅಂತಿತ್ತು. ನಾನು ಅಷ್ಟೇ ಕೊಟ್ಟೆ. ಕಾರಣವನ್ನೂ ಬರೆದೆ. ಇಷ್ಟು ವರ್ಷ ಜೊತೆಗಿದ್ದವರಿಗೆ ಅಷ್ಟು ಹೇಳದಿದ್ದರೆ ಹೇಗೆ?

ನೋಟಿಸ್ ಬರೆದುಕೊಟ್ಟಿದ್ದು ವಕೀಲರು. ಆದರೂ ಪ್ರತಿ ಸಾಲನ್ನೂ ಕೂತು ಓದಿದೆ. ಮನೆಯ ಪೂರ್ತಿ ವಿಳಾಸ, ಈಗಿನ ಬಾಡಿಗೆ, ಬಾಡಿಗೆ ಸಂಬಂಧ ಮುಗಿಸುತ್ತಿದ್ದೇವೆ ಎಂಬ ಸ್ಪಷ್ಟ ಮಾತು, ಕೀಲಿ ಒಪ್ಪಿಸಬೇಕಾದ ಸಮಯ, ಎಲ್ಲ ಇತ್ತು. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್ ಕೊಡುತ್ತೇವೆ ಎಂಬುದನ್ನು ನಾನೇ ಸೇರಿಸಲು ಹೇಳಿದೆ. ಬಾಡಿಗೆದಾರರಿಗೆ ನಿಜವಾದ ಭಯ ಅದೇ ಅಲ್ವಾ? ಈ ಊರಲ್ಲಿ ಅಡ್ವಾನ್ಸ್ ಸಣ್ಣ ಮೊತ್ತವೇನಲ್ಲ.

ಅವಧಿ ಲೆಕ್ಕವಾಗುವುದು ನೋಟಿಸ್ ಅವರ ಕೈಸೇರಿದ ದಿನದಿಂದ. ಅದಕ್ಕೇ ತಲುಪಿದ್ದಕ್ಕೆ ಪುರಾವೆ ಮುಖ್ಯ. ಅಂಚೆಯಲ್ಲಿ ಸ್ವೀಕೃತಿ ಸಮೇತ ಒಂದು ಪ್ರತಿ ಕಳಿಸಿದೆವು. ಇನ್ನೊಂದನ್ನು ಕೈಯಲ್ಲೇ ಕೊಟ್ಟು ನಮ್ಮ ಪ್ರತಿಯ ಮೇಲೆ ಸಹಿ ತೆಗೆದುಕೊಂಡೆ. "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ" ಎಂಬ ಷರಾದೊಂದಿಗೆ ಕವರ್ ವಾಪಸ್ ಬಂದರೆ ಒಡೆಯದೆ ಹಾಗೇ ಇಡಿ ಎಂದು ವಕೀಲರು ಹೇಳಿದ್ದರು. ಸರಿಯಾದ ವಿಳಾಸಕ್ಕೆ ಹೋಗಿದ್ದರೆ ಅಂಥ ಕವರನ್ನೂ ಕೋರ್ಟ್ ಸಾಮಾನ್ಯವಾಗಿ ತಲುಪಿದ ನೋಟಿಸ್ ಎಂದೇ ಪರಿಗಣಿಸುತ್ತದೆ.

ನಂತರ ಬಂದ ಬಾಡಿಗೆಯ ವಿಷಯದಲ್ಲೂ ಹುಷಾರಾಗಿದ್ದೆ. ಸುಮ್ನೆ ಮಾಮೂಲಿ ರಸೀದಿ ಕೊಡುತ್ತಾ ಹೋದರೆ, ನೋಟಿಸ್ ಕೈಬಿಟ್ಟಿರಿ ಎಂದು ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಕಲಂ ಹಿಡಿದು ಅವರು ವಾದಿಸಬಹುದು. ನೋಟಿಸ್ ಹಾಗೇ ಇದೆ, ಇದು ಬಾಡಿಗೆಯಾಗಿ ಅಲ್ಲ, ವಾಸಕ್ಕಾಗಿ ಪಡೆದ ಹಣ ಎಂದು ಪ್ರತಿ ರಸೀದಿಯಲ್ಲೂ ಬರೆದೆ.

ನೋಟಿಸ್ ಅವಧಿ ಮುಗಿದ ಮಾತ್ರಕ್ಕೆ ಮನೆಗೆ ಬೀಗ ಹಾಕುವ ಹಕ್ಕು ಬರುವುದಿಲ್ಲ. ಅವರು ಹೋಗದಿದ್ದರೆ ದಾವೆ ಹೂಡಬೇಕು, ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ (ಲಘು ವ್ಯವಹಾರಗಳ ನ್ಯಾಯಾಲಯ). ನಮಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಇರುತ್ತೇವೆ ಎಂದು ಕೇಳಿದರು, ಒಪ್ಪಿದೆ. ಖಾಲಿ ಮಾಡುವ ತಾರೀಖು ಬರೆದು ಇಬ್ಬರೂ ಸಹಿ ಹಾಕಿದೆವು. ಆ ದಿನ ಕರೆಂಟ್ ಬಿಲ್ ಚುಕ್ತಾ ಆಗಿದ್ದನ್ನು ನೋಡಿ, ಬಣ್ಣದ ಖರ್ಚು ಕಳೆದು, ಉಳಿದ ಅಡ್ವಾನ್ಸನ್ನು ಅವರ ಖಾತೆಗೆ ಹಾಕಿ ಕೀಲಿ ತೆಗೆದುಕೊಂಡೆ.