ಬೋರ್‌ವೆಲ್ ನೀರಿನ ಊರಲ್ಲಿ ಹಲ್ಲುಜ್ಜುವ ಕ್ರಮ

ಪಾವಗಡ, ಬಾಗೇಪಲ್ಲಿ ಕಡೆ ಹಲ್ಲಿನ ಮೇಲೆ ಕಂದು ಪಟ್ಟೆ ಇರುವವರು ಬಹಳ. ಕೊಳೆ ಅಂದುಕೊಂಡು ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕುತ್ತಾರೆ. ದಯವಿಟ್ಟು ತಿಕ್ಕಬೇಡಿ. ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುತ್ತದೆ. ಆಗ ಕುಡಿದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಿದ್ದರೆ ಎನಾಮಲ್ಲೇ, ಅಂದರೆ ಹಲ್ಲಿನ ಗಟ್ಟಿ ಹೊರಪದರವೇ, ಕೆಟ್ಟು ಬರುತ್ತದೆ. ಆ ಕಲೆ ಉಜ್ಜಿದರೆ ಹೋಗುವಂಥದ್ದಲ್ಲ. ತಿಕ್ಕಿ ತಿಕ್ಕಿ ಎನಾಮಲ್ ಸವೆದು, ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನುತ್ತದೆ, ಅಷ್ಟೇ.

ಉಜ್ಜಬೇಕಾದ್ದು ವಸಡಿನ ಅಂಚಿನಲ್ಲಿ ಕೂರುವ ಅಂಟು ಪದರವನ್ನು. ಉಗುರಲ್ಲಿ ಕೆರೆದರೆ ಬೆಳ್ಳಗೆ ಬರುತ್ತದಲ್ಲ, ಅದೇ. ಅದರೊಳಗಿನ ಬ್ಯಾಕ್ಟೀರಿಯಾ ಬೆಲ್ಲ, ಬಿಸ್ಕತ್ತಿನ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಹಲ್ಲು ಹುಳುಕಾಗುವುದು ಅದರಿಂದ. ಹಾಗೇ ಬಿಟ್ಟರೆ ಗಾರೆಯಾಗಿ ಗಟ್ಟಿಯಾಗುತ್ತದೆ. ಆಮೇಲೆ ಅದು ಬ್ರಶ್‌ಗೆ ಬಗ್ಗಲ್ಲ, ದಂತವೈದ್ಯರೇ ತೆಗೆಯಬೇಕು.

'ಸಾಫ್ಟ್' ಎಂದು ಬರೆದಿರುವ ಬ್ರಶ್ ತನ್ನಿ. ಎಳೆಗಳನ್ನು ವಸಡಿನ ಕಡೆಗೆ 45 ಡಿಗ್ರಿ ಓರೆ ಹಿಡಿದು, ಒಂದು ಸಲಕ್ಕೆ ಎರಡು ಮೂರು ಹಲ್ಲಿನ ಮೇಲೆ ಸಣ್ಣಗೆ ಅಲುಗಾಡಿಸಿ, ವಸಡಿನಿಂದ ಹಲ್ಲಿನ ತುದಿಗೆ ಎಳೆಯಿರಿ. ಹೊರಗೆ, ಒಳಗೆ, ಅಗಿಯುವ ಮೇಲ್ಮೈ, ಎಲ್ಲ ಸೇರಿ 2 ನಿಮಿಷ ಬೇಕು. ಮೇಲಿನ ಕೊನೆಯ ದವಡೆ ಹಲ್ಲಿನ ಹೊರಬದಿಗೆ ಬ್ರಶ್ ಹೋಗುತ್ತಿಲ್ಲವೆಂದರೆ ಬಾಯಿ ಅರ್ಧ ಮುಚ್ಚಿ, ಕೆನ್ನೆ ಸಡಿಲವಾಗಿ ಜಾಗ ಸಿಗುತ್ತದೆ. ಕೆಳಗಿನ ಮುಂಭಾಗದ ಹಲ್ಲಿನ ಒಳಬದಿಗೆ ಬ್ರಶ್ ನೆಟ್ಟಗೆ ನಿಲ್ಲಿಸಿ. ಎಂಜಲು ಸುರಿಯುವುದು ಅಲ್ಲೇ, ಹಾಗಾಗಿ ಗಾರೆ ಮೊದಲು ಕಟ್ಟುವುದೂ ಅಲ್ಲೇ. ಹೊಂಗೆ, ಬೇವಿನ ಕಡ್ಡಿ ಹೊರಬದಿಗೆ ಸರಿ, ಈ ಒಳಬದಿಗೆ ಮುಟ್ಟುವುದು ಕಷ್ಟ.

ವಸಡಲ್ಲಿ ರಕ್ತ ಬಂತೆಂದು ಆ ಜಾಗ ಬಿಡಬೇಡಿ. ಪದರ ಉಳಿದದ್ದಕ್ಕೇ ವಸಡು ಊದಿರುತ್ತದೆ, ಮೆಲ್ಲಗೆ ಉಜ್ಜಿ. ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಿ.

ಬೆಳಿಗ್ಗೆ ಎಲ್ಲರೂ ಉಜ್ಜುತ್ತಾರೆ. ತಪ್ಪುವುದು ರಾತ್ರಿಯದು, ಮುಖ್ಯವೂ ಅದೇ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗಿ ಆಮ್ಲ ತೊಳೆದುಹೋಗುವುದಿಲ್ಲ.

3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ನುಂಗದೆ ಉಗುಳುವುದನ್ನು ಪಕ್ಕದಲ್ಲಿ ನಿಂತು ನೋಡಿ. ಫ್ಲೋರೈಡ್ ಹೆಚ್ಚಿರುವ ಊರಾದರೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನೇ ಕೇಳಿ.

ಬಾಯಿ ಮುಕ್ಕಳಿಸಿ ಉಗುಳಲು ಬೋರ್‌ವೆಲ್ ನೀರು ಪರವಾಗಿಲ್ಲ. ಹೊಟ್ಟೆಗೆ ಹೋಗುವ ನೀರಲ್ಲಿ ಮಾತ್ರ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನ್ ಕುಡಿಯುವುದಕ್ಕಷ್ಟೇ ಅಲ್ಲ, ಮುದ್ದೆಯ ಎಸರಿಗೂ ಸಾರಿಗೂ ಬಳಸಿ.